ಮಿನ್‌ಎಸ್‌ಡಿಕೆ 24 ಕೊಟ್ಟರೂ ಆಂಡ್ರಾಯ್ಡ್ 7ರಲ್ಲಿ ಆ್ಯಪ್ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ನಮ್ಮ ಆ್ಯಪ್ ಹೊಸ ಫೋನುಗಳಲ್ಲಿ ಸಲೀಸಾಗಿ ನಡೆಯುತ್ತದೆ. ಆಂಡ್ರಾಯ್ಡ್ 7.0 ಇರುವ ಫೋನಿನಲ್ಲಿ ಇನ್‌ಸ್ಟಾಲ್ ಆಗುತ್ತದೆ, ಆದರೆ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮಿನ್‌ಎಸ್‌ಡಿಕೆ 24 ಎಂದೇ ಕೊಟ್ಟಿದ್ದೇವೆ. ತಪ್ಪು ಎಲ್ಲಿದೆ?

ಉತ್ತರ: ಮಿನ್‌ಎಸ್‌ಡಿಕೆ ಇನ್‌ಸ್ಟಾಲ್‌ಗೆ ಇರುವ ಬಾಗಿಲು ಮಾತ್ರ. ಆಂಡ್ರಾಯ್ಡ್‌ನ ಪ್ರತಿ ಆವೃತ್ತಿಗೂ ಒಂದು ಎಪಿಐ ಸಂಖ್ಯೆ ಇದೆ, 7.0ರದ್ದು 24. ಹಾಗಾಗಿ 24 ಎಂದು ಬರೆದರೆ 7.0ಕ್ಕಿಂತ ಹಳೆಯ ಫೋನುಗಳು ಹೊರಗೆ ಉಳಿಯುತ್ತವೆ. ಒಳಗೆ ಬಂದ ಫೋನಿನಲ್ಲಿ ನಿಮ್ಮ ಕೋಡ್ ನಡೆದೀತೇ ಎಂದು ಅದು ನೋಡುವುದಿಲ್ಲ. ಕೋಡ್ ಬರೆಯುವಾಗ ಯಾವ ಯಾವ ಕ್ಲಾಸುಗಳು ಸಿಗುತ್ತವೆ ಎಂಬುದು ಕಂಪೈಲ್‌ಎಸ್‌ಡಿಕೆ ಎಂಬ ಇನ್ನೊಂದು ಸೆಟ್ಟಿಂಗ್‌ಗೆ ಸೇರಿದ್ದು. ಅದು 35 ಇದ್ದರೆ ಆಂಡ್ರಾಯ್ಡ್ 15ರವರೆಗಿನದೆಲ್ಲ ಸಿಗುತ್ತದೆ, ಬಿಲ್ಡ್ ಕೂಡ ಮುಗಿಯುತ್ತದೆ. ಆದರೆ ಆ ಕ್ಲಾಸುಗಳು ಆ್ಯಪಿನ ಜೊತೆ ಹೋಗುವುದಿಲ್ಲ, ಫೋನಿನಲ್ಲೇ ಇರಬೇಕು. ಇಲ್ಲದಿದ್ದರೆ ಆ ಸಾಲಿಗೆ ಬಂದಾಗ ಆ್ಯಪ್ ಕ್ರ್ಯಾಶ್ ಆಗುತ್ತದೆ.

ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಫೋನಿನ ದಾಖಲೆ ಸಂದೇಶಗಳನ್ನು ತೋರಿಸುವ ಲಾಗ್‌ಕ್ಯಾಟ್‌ನಲ್ಲಿ 'ಫೇಟಲ್ ಎಕ್ಸೆಪ್ಷನ್' ಎಂದು ಹುಡುಕಿ. ಅದರ ಕೆಳಗೆ 'ನೋಕ್ಲಾಸ್‌ಡೆಫ್‌ಫೌಂಡ್‌ಎರರ್' ಅಥವಾ 'ನೋಸಚ್‌ಮೆಥಡ್‌ಎರರ್' ಕಂಡರೆ ಹೆಚ್ಚಾಗಿ ಕಾರಣ ಇದೇ. ಇವನ್ನು ಟ್ರೈ-ಕ್ಯಾಚ್ ಹಾಕಿ ತಡೆಯಲು ಹೋಗಬೇಡಿ. ಇವು ಎರರ್ ಗುಂಪಿನವು, 'ಎಕ್ಸೆಪ್ಷನ್' ಹಿಡಿಯುವ ಕ್ಯಾಚ್‌ಗೆ ಸಿಗುವುದೇ ಇಲ್ಲ.

ಆಂಡ್ರಾಯ್ಡ್ 7ರಲ್ಲಿ ಪದೇ ಪದೇ ಕಾಣುವ ಅಪರಾಧಿಗಳು ಎರಡು: ದಿನಾಂಕಕ್ಕೆ ಬಳಸುವ 'ಜಾವಾ.ಟೈಮ್' ಮತ್ತು ಸೂಚನೆಗಳನ್ನು ಗುಂಪು ಮಾಡುವ 'ನೋಟಿಫಿಕೇಶನ್‌ಚಾನೆಲ್'. ಎರಡೂ ಬಂದದ್ದು ಎಪಿಐ 26ರಲ್ಲಿ, ಅಂದರೆ 2017ರ ಆಂಡ್ರಾಯ್ಡ್ 8.0ರಲ್ಲಿ. ಚಾನೆಲ್ ಸೃಷ್ಟಿಸುವ ಕೋಡನ್ನು, ಫೋನಿನ ಎಪಿಐ ಸಂಖ್ಯೆ ಹೇಳುವ 'ಬಿಲ್ಡ್.ವರ್ಷನ್.ಎಸ್‌ಡಿಕೆ_ಇಂಟ್' 26 ಅಥವಾ ಹೆಚ್ಚಿದ್ದರೆ ಮಾತ್ರ ನಡೆಯುವಂತೆ ಇಫ್ ಒಳಗೆ ಇಡಿ. ಹಳೆಯ ಫೋನಿಗೆ ಚಾನೆಲ್ ಬೇಕಾಗಿಯೇ ಇಲ್ಲ. ದಿನಾಂಕಕ್ಕೆ ಇಫ್ ಸಾಲದು, ಅದು ಕೋಡಿನ ತುಂಬ ಹರಡಿರುತ್ತದೆ. ಅದಕ್ಕೆ ಹೊಸ ಜಾವಾ ಕ್ಲಾಸುಗಳನ್ನು ಹಳೆಯ ಫೋನಿಗೂ ಒದಗಿಸುವ ಕೋರ್ ಲೈಬ್ರರಿ ಡಿಶುಗರಿಂಗ್ ಬೇಕು. ಗ್ರೇಡಲ್‌ನ 'ಕಂಪೈಲ್‌ಆಪ್ಷನ್ಸ್' ಒಳಗೆ ಅದನ್ನು ಆನ್ ಮಾಡಿ, ಡಿಪೆಂಡೆನ್ಸಿಗಳಲ್ಲಿ 'ಡಿಶುಗರ್_ಜೆಡಿಕೆ_ಲಿಬ್ಸ್' ಸೇರಿಸಿ. ಎರಡೂ ಇರಬೇಕು, ಒಂದೇ ಮಾಡಿದರೆ ಉಪಯೋಗವಿಲ್ಲ. ಆಗ ಆ ಕ್ಲಾಸುಗಳು ಆ್ಯಪಿನೊಳಗೇ ಹೋಗುತ್ತವೆ.

ಇದಕ್ಕಿಂತ ಕಪಟವಾದದ್ದು ಕಾಟ್ಲಿನ್ ಪಟ್ಟಿಯ 'ರಿಮೂವ್‌ಫಸ್ಟ್' ಮತ್ತು 'ರಿಮೂವ್‌ಲಾಸ್ಟ್'. ಇವು ಮೊದಲು ಕಾಟ್ಲಿನ್‌ನ ಸ್ವಂತ ಫಂಕ್ಷನ್‌ಗಳಾಗಿದ್ದವು. ಎಪಿಐ 35ರಲ್ಲಿ ಜಾವಾದ ಪಟ್ಟಿಗೇ ಅದೇ ಹೆಸರಿನ ಮೆಥಡ್‌ಗಳು ಬಂದವು. ಹಾಗಾಗಿ ಕೋಡಿನ ಒಂದಕ್ಷರ ಮುಟ್ಟದೆ ಕಂಪೈಲ್‌ಎಸ್‌ಡಿಕೆಯನ್ನು 35ಕ್ಕೆ ಏರಿಸಿದರೂ ಕಂಪೈಲರ್ ಜಾವಾದವನ್ನೇ ಆರಿಸಿಕೊಳ್ಳುತ್ತದೆ, ಆಂಡ್ರಾಯ್ಡ್ 14 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ಆ್ಯಪ್ ಬೀಳುತ್ತದೆ. ಅವುಗಳ ಬದಲು 'ರಿಮೂವ್‌ಅಟ್(0)', 'ರಿಮೂವ್‌ಅಟ್(ಲಾಸ್ಟ್‌ಇಂಡೆಕ್ಸ್)' ಬರೆಯಿರಿ.

ಇಂಥವನ್ನು ಒಂದೊಂದಾಗಿ ಕ್ರ್ಯಾಶ್ ಆದಮೇಲೆ ಹುಡುಕುವುದಕ್ಕಿಂತ ಪ್ರತಿ ಬಿಡುಗಡೆಗೂ ಮುನ್ನ ಕೋಡಿನಲ್ಲಿ ದೋಷ ಹುಡುಕುವ ಸಾಧನವಾದ ಲಿಂಟ್ ಓಡಿಸಿ, 'ನ್ಯೂಎಪಿಐ' ಎಂಬ ದೋಷಗಳನ್ನು ಓದಿ. ಅದು ತೋರಿಸಿದ ಕೆಂಪು ಗೆರೆಯನ್ನು 'ಸಪ್ರೆಸ್‌ಲಿಂಟ್' ಹಾಕಿ ಅಡಗಿಸಿದರೆ ದೋಷ ಹಾಗೇ ಉಳಿಯುತ್ತದೆ. 'ರಿಕ್ವಾಯರ್ಸ್‌ಎಪಿಐ' ಕೂಡ ಫೋನಿನಲ್ಲಿ ಏನನ್ನೂ ತಡೆಯುವುದಿಲ್ಲ, ಪರೀಕ್ಷೆಯ ಹೊಣೆಯನ್ನು ಅದನ್ನು ಕರೆಯುವ ಕೋಡಿಗೆ ದಾಟಿಸುತ್ತದೆ ಅಷ್ಟೇ.

ಕ್ರ್ಯಾಶ್ ನಿಂತ ಮೇಲೆ ಆ್ಯಪ್ ತೆರೆದುಕೊಂಡರೂ 7.0ರಲ್ಲಿ ಡೇಟಾ ಬಾರದಿದ್ದರೆ ಸರ್ವರ್‌ನ ಸರ್ಟಿಫಿಕೇಟ್ ನೋಡಿ. ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ (ರೂಟ್) ಸರ್ಟಿಫಿಕೇಟ್ 'ಐಎಸ್‌ಆರ್‌ಜಿ ರೂಟ್ ಎಕ್ಸ್1' ಆಂಡ್ರಾಯ್ಡ್‌ನ ನಂಬಿಕೆಯ ಪಟ್ಟಿಗೆ ಸೇರಿದ್ದು 7.1.1ರಿಂದ. ಹಳೆಯ ಫೋನುಗಳಿಗಾಗಿ ಇದ್ದ ಅಡ್ಡಸಹಿಯ (ಹಳೆಯ ರೂಟ್ ಒಂದು ಇದಕ್ಕೆ ಹಾಕಿದ ಸಹಿಯ) ಅವಧಿ 2024ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ನಿಮ್ಮ ಸರ್ವರ್ ಇದನ್ನು ಬಳಸುತ್ತಿದ್ದರೆ ಆ ರೂಟ್ ಸರ್ಟಿಫಿಕೇಟನ್ನು 'ರಾ' ಫೋಲ್ಡರಿಗೆ ಹಾಕಿ, ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್‌ನಲ್ಲಿ ಅದನ್ನೂ 'ಸಿಸ್ಟಮ್' ಪಟ್ಟಿಯನ್ನೂ ಒಟ್ಟಿಗೆ ಬರೆಯಿರಿ. 'ಸಿಸ್ಟಮ್' ಬಿಟ್ಟರೆ ಬೇರೆ ರೂಟ್ ಬಳಸುವ ಸರ್ವರ್‌ಗಳ ಸಂಪರ್ಕ ತಪ್ಪುತ್ತದೆ. ಸರ್ಟಿಫಿಕೇಟ್ ಪರೀಕ್ಷೆಯನ್ನೇ ತೆಗೆದುಹಾಕುವ ಕೋಡ್ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ದಯವಿಟ್ಟು ಬಳಸಬೇಡಿ: ನಿಮ್ಮ ಬಳಕೆದಾರರ ಪಾಸ್‌ವರ್ಡ್ ನಡುದಾರಿಯಲ್ಲಿ ಯಾರ ಕೈಗಾದರೂ ಸಿಗಬಹುದು.