ಯುಆರ್‌ಎಲ್‌ನಲ್ಲಿ ಒಂದು ಐಡಿ, ಫಾರ್ಮ್‌ನಲ್ಲಿ ಇನ್ನೊಂದು: ಸರ್ವರ್ ಯಾರ ಮಾತು ಕೇಳತ್ತೆ?

ಅಡ್ರೆಸ್ ಬಾರ್‌ನಲ್ಲಿ ಐಡಿ=7 ಅಂತಿದೆ. ಪೇಜಿನ ಒಳಗಿರೋ ಫಾರ್ಮ್‌ನಲ್ಲಿ ಒಂದು ಹಿಡನ್ ಫೀಲ್ಡ್ (ತೆರೆ ಮೇಲೆ ಕಾಣದ ಖಾನೆ) ಇದೆ, ಅದರ ಹೆಸರೂ ಐಡಿನೇ, ಆದ್ರೆ ವ್ಯಾಲ್ಯೂ 9. ಸೇವ್ ಒತ್ತಿದ್ರೆ ಸರ್ವರ್ ಯಾವ ರೆಕಾರ್ಡ್ ತಿದ್ದತ್ತೆ, 7ನೇದಾ 9ನೇದಾ? ಕೋಡ್ ಬರೆಯೋರನ್ನೇ ಕೇಳಿ ನೋಡಿ, ಬಹಳ ಜನ “ಫಾರ್ಮ್‌ನಲ್ಲಿರೋದೇ ಅಲ್ವಾ” ಅಂತಾರೆ. ಹಾಗಂತ ಎಲ್ಲೂ ನಿಯಮ ಇಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡೋ ನಿಯಮ ಎಚ್‌ಟಿಟಿಪಿ ಈ ವಿಷಯದಲ್ಲಿ ಬಾಯೇ ಬಿಡಲ್ಲ, ತೀರ್ಮಾನ ಮಾಡೋದು ನೀವು ಬಳಸ್ತಿರೋ ಭಾಷೆ.

ಬ್ರೌಸರ್ ಸರ್ವರ್‌ಗೆ ಕಳಿಸೋ ಒಂದು ರಿಕ್ವೆಸ್ಟ್ ಅಂದ್ರೆ ಅಂಚೆ ಕವರ್ ಇದ್ದ ಹಾಗೆ, ಯುಆರ್‌ಎಲ್ ಕವರ್ ಮೇಲಿನ ಬರಹ, ಪೋಸ್ಟ್ ಮಾಡಿದ ಫಾರ್ಮ್ ಒಳಗಿನ ಕಾಗದ. ಎರಡರಲ್ಲೂ ಒಂದೇ ಹೆಸರು ಇರೋಕೆ ಯಾರ ಅಡ್ಡಿಯೂ ಇಲ್ಲ. ಫಾರ್ಮ್‌ನ ಆಕ್ಷನ್ (ಎಲ್ಲಿಗೆ ಹೋಗಬೇಕು ಅನ್ನೋ ವಿಳಾಸ) ಬರೆಯದೇ ಬಿಟ್ರೆ ಅದು ಈಗ ತೆರೆದಿರೋ ಯುಆರ್‌ಎಲ್‌ಗೇ ಹೋಗತ್ತೆ, ಮೆಥಡ್ (ಕಳಿಸೋ ರೀತಿ) ಪೋಸ್ಟ್ ಆಗಿದ್ರೆ ಪ್ರಶ್ನಾರ್ಥಕ ಚಿಹ್ನೆ ಆದ್ಮೇಲೆ ಇರೋದೆಲ್ಲಾ ಹಾಗೇ ಜೊತೆಗೆ ಹೋಗತ್ತೆ. ಮೆಥಡ್ ಗೆಟ್ ಆಗಿದ್ರೆ ಬ್ರೌಸರ್ ಆ ಹಳೇ ಭಾಗನ ಕಿತ್ತು ಬಿಸಾಕಿ ಫಾರ್ಮ್‌ನ ಫೀಲ್ಡ್‌ಗಳನ್ನ ಅಲ್ಲಿ ಕೂರಿಸತ್ತೆ. ಪೋಸ್ಟ್‌ನ ಎಡವಟ್ಟಿಗೆ ಒಂದು ಉದಾಹರಣೆ: ಹುಡುಕಾಟದ ಐದನೇ ಪೇಜಲ್ಲಿ ಇದ್ದೀರಿ, ಹೊಸ ಪದ ಟೈಪ್ ಮಾಡಿ ಪೋಸ್ಟ್ ಮಾಡಿದ್ರಿ, ಯುಆರ್‌ಎಲ್‌ನಲ್ಲಿದ್ದ ಪೇಜ್=5 ಸುಮ್ನೆ ಜೊತೆಗೆ ಬಂತು, ಹೊಸ ಪದಕ್ಕೆ ಇರೋದೇ ಎರಡು ಪೇಜು, ಹಾಗಾಗಿ ತೆರೆ ಖಾಲಿ. ಡೇಟಾಬೇಸಲ್ಲಿ ಏನೂ ಇಲ್ಲ ಅಂದ್ಕೊಂಡು ಜನ ವಾಪಸ್ ಹೋಗ್ತಾರೆ.

ಈಗ ಭಾಷೆಗಳಿಗೆ ಬರೋಣ, ನನಗೆ ತುಂಬಾ ಇಷ್ಟದ ಭಾಗ ಇದು. ಪಿಎಚ್‌ಪಿ ಅನ್ನೋ ಭಾಷೆಯ ರಿಕ್ವೆಸ್ಟ್ ಅರೇ (ಬಂದ ಹೆಸರು, ವ್ಯಾಲ್ಯೂಗಳ ಪಟ್ಟಿ) ಯುಆರ್‌ಎಲ್, ಫಾರ್ಮ್ ಎರಡನ್ನೂ ಒಂದರಲ್ಲೇ ಬೆರೆಸತ್ತೆ, ಪಿಎಚ್‌ಪಿ ಜೊತೆ ಬರೋ ಸೆಟಿಂಗ್ಸ್ ಫೈಲಲ್ಲಿ ಕ್ರಮ “ಜಿಪಿ” ಅಂತಿರತ್ತೆ, ಅಂದ್ರೆ ಮೊದಲು ಗೆಟ್ (ಯುಆರ್‌ಎಲ್‌ನದು), ಅದರ ಮೇಲೆ ಪೋಸ್ಟ್ (ಫಾರ್ಮ್‌ನದು), ಆಮೇಲೆ ಬಂದಿದ್ದು ಗೆಲ್ಲತ್ತೆ. ಆ ಸೆಟಿಂಗ್ ಖಾಲಿ ಬಿಟ್ರೆ ಇನ್ನೊಂದು ಕ್ರಮ ಹಿಡಿಯತ್ತೆ, ಅದರಲ್ಲಿ ಕುಕಿಯೂ (ಬ್ರೌಸರ್ ಇಟ್ಕೊಂಡು ಸರ್ವರ್‌ಗೆ ಕಳಿಸೋ ಚಿಕ್ಕ ಮಾಹಿತಿ) ಸೇರ್ಕೊಳತ್ತೆ, ಸಾಮಾನ್ಯವಾಗಿ ಅದು ಪೋಸ್ಟ್ ಆದ್ಮೇಲೆ ಬರೋದ್ರಿಂದ ಅದೇ ಗೆಲ್ಲತ್ತೆ! ಮೈಕ್ರೋಸಾಫ್ಟಿನ ಹಳೇ ಎಎಸ್‌ಪಿಯಲ್ಲಿ ಯಾವ ಕಡೆಯದು ಅಂತ ಹೇಳದೆ ಕೇಳಿದ್ರೆ ಯುಆರ್‌ಎಲ್‌ನಲ್ಲಿರೋದು ಮೊದಲು ಸಿಗತ್ತೆ, ಕೋಲ್ಡ್‌ಫ್ಯೂಷನ್ ಅನ್ನೋ ಇನ್ನೊಂದು ವೆಬ್ ಭಾಷೆ ಕೂಡ ಫಾರ್ಮ್‌ಗಿಂತ ಮುಂಚೆ ಯುಆರ್‌ಎಲ್ ಅನ್ನೇ ಹುಡುಕತ್ತೆ. ಜಾವಾ ಸರ್ವ್‌ಲೆಟ್ (ಸರ್ವರ್‌ನಲ್ಲಿ ಓಡೋ ಜಾವಾ ಕೋಡು) ಯಾವುದನ್ನೂ ಬಿಸಾಕಲ್ಲ, ಎರಡನ್ನೂ ಪಟ್ಟಿ ಮಾಡಿ ಯುಆರ್‌ಎಲ್‌ದನ್ನ ಮುಂದೆ ಇಡತ್ತೆ, ಒಂದೇ ಕೊಡು ಅಂದ್ರೆ ಮೊದಲನೇದನ್ನ ಕೊಡತ್ತೆ. ಅದೇ ರಿಕ್ವೆಸ್ಟ್, ಒಂದು ಕಡೆ 7 ತಿದ್ದತ್ತೆ, ಇನ್ನೊಂದು ಕಡೆ 9.

ಹಿಂದೆ ಇನ್ನೂ ಕೆಟ್ಟದಾಗಿತ್ತು. ಪಿಎಚ್‌ಪಿಯಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಅಂತ ಒಂದಿತ್ತು, ಹೊರಗಿಂದ ಬಂದ ಪ್ರತಿ ಹೆಸರೂ ನೇರವಾಗಿ ನಿಮ್ಮ ಕೋಡಿನ ವೇರಿಯಬಲ್ ಆಗ್ಬಿಡ್ತಿತ್ತು, ಅಡ್ಮಿನ್=1 ಅಂತ ಯುಆರ್‌ಎಲ್‌ಗೆ ಸೇರಿಸಿದ್ರೆ ಎಚ್ಚರ ತಪ್ಪಿ ಬರೆದ ಕೋಡು ಬಾಗಿಲು ತೆಗೆದುಬಿಡ್ತಿತ್ತು. 2002ರಲ್ಲಿ 4.2.0 ಆವೃತ್ತಿಯಲ್ಲಿ ಅದನ್ನ ಡಿಫಾಲ್ಟ್ ಆಗಿ ಆಫ್ ಮಾಡಿದ್ರು, ಪೂರ್ತಿ ಕಿತ್ತು ಹಾಕಿದ್ದು 2012ರಲ್ಲಿ, 5.4ರಲ್ಲಿ. ಹತ್ತು ವರ್ಷ ಬೇಕಾಯ್ತು.

ನಿಜವಾದ ಅಪಾಯ ಯಾರು ಗೆಲ್ತಾರೆ ಅನ್ನೋದ್ರಲ್ಲಿಲ್ಲ, ಒಂದೇ ಪ್ರೋಗ್ರಾಮಿನ ಎರಡು ಜಾಗ ಎರಡು ಕಡೆಯಿಂದ ಓದೋದ್ರಲ್ಲಿದೆ. ಅನುಮತಿ ಇದೆಯಾ ಅಂತ ನೋಡೋ ಸಾಲು ಯುಆರ್‌ಎಲ್‌ನ 7 ಓದತ್ತೆ, 7 ನಿಮ್ಮದೇ, ಪಾಸ್. ಅಪ್‌ಡೇಟ್ ಮಾಡೋ ಸಾಲು ಫಾರ್ಮ್‌ನ 9 ಓದತ್ತೆ, ಅದು ಬೇರೆಯವರದ್ದು, ತಿದ್ದಿಬಿಡತ್ತೆ. “ಪೋಸ್ಟ್ ಬಳಸಿದ್ದೀವಿ, ಸೇಫ್” ಅನ್ನೋದು ಮೂಢನಂಬಿಕೆ, ಹಿಡನ್ ಫೀಲ್ಡನ್ನ ಬ್ರೌಸರಿನಲ್ಲೇ ಯಾರು ಬೇಕಾದ್ರೂ ಬದಲಾಯಿಸಬಹುದು.

ಹಾಗಾಗಿ ಪ್ರತಿ ಹೆಸರಿಗೂ ಒಂದೇ ಮೂಲ ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ. ಯಾವ ರೆಕಾರ್ಡ್ ಅನ್ನೋದು ಯುಆರ್‌ಎಲ್‌ನಿಂದ ಮಾತ್ರ, ಏನು ಬದಲಾಗಬೇಕು ಅನ್ನೋದು ಫಾರ್ಮ್‌ನಿಂದ ಮಾತ್ರ. ಎರಡೂ ಕಡೆ ಬಂದು ತಾಳೆ ಆಗದಿದ್ರೆ ಒಂದನ್ನ ಆರಿಸೋಕೆ ಹೋಗಬೇಡಿ, 400 (ರಿಕ್ವೆಸ್ಟೇ ಸರಿಯಿಲ್ಲ ಅನ್ನೋ ಉತ್ತರ) ಕೊಟ್ಟು ವಾಪಸ್ ಕಳಿಸಿ. ಹುಡುಕೋ ಫಾರ್ಮ್ ಆದ್ರೆ ಗೆಟ್ ಮಾಡಿಬಿಡಿ, ಜಗಳವೇ ಇರಲ್ಲ.

“ಫಾರ್ಮ್‌ನಲ್ಲಿ ಇದ್ರೆ ಅದು, ಇಲ್ದಿದ್ರೆ ಯುಆರ್‌ಎಲ್” ಅನ್ನೋ ಜನಪ್ರಿಯ ಉಪಾಯ ಕೈ ಕೊಡೋದು ಚೆಕ್‌ಬಾಕ್ಸ್‌ನಲ್ಲಿ. ಟಿಕ್ ತೆಗೆದ ಚೆಕ್‌ಬಾಕ್ಸನ್ನ ಬ್ರೌಸರ್ ಖಾಲಿ ಅಂತಲೂ ಕಳಿಸಲ್ಲ, ಸೊನ್ನೆ ಅಂತಲೂ ಕಳಿಸಲ್ಲ, ಕಳಿಸೋದೇ ಇಲ್ಲ. ಯುಆರ್‌ಎಲ್‌ನಲ್ಲಿ ಹೊಸದುಮಾತ್ರ=1 ಇತ್ತು, ನೀವು ಟಿಕ್ ತೆಗೆದ್ರಿ, ಫಾರ್ಮ್‌ನಲ್ಲಿ ಆ ಹೆಸರೇ ಇಲ್ಲ, ಕೋಡು ಯುಆರ್‌ಎಲ್‌ನ 1 ತಗೊಂಡು ಟಿಕ್ ವಾಪಸ್ ಹಾಕತ್ತೆ, ಎಷ್ಟು ಸಲ ತೆಗೆದ್ರೂ ಹೋಗಲ್ಲ. ಚೆಕ್‌ಬಾಕ್ಸಿಗಿಂತ ಮೊದಲು ಅದೇ ಹೆಸರಿನ ಹಿಡನ್ ಸೊನ್ನೆ ಇಡೋ ಉಪಾಯ ಇದೆ, ಟಿಕ್ ಇದ್ರೆ 0 ಆಮೇಲೆ 1 ಹೋಗತ್ತೆ. ಪಿಎಚ್‌ಪಿ ಕೊನೇದನ್ನ ಹಿಡಿಯೋದ್ರಿಂದ ಅಲ್ಲಿ ಸರಿಯಾಗಿ ನಡೆಯತ್ತೆ, ಆದ್ರೆ ಮೊದಲನೇದನ್ನ ಹಿಡಿಯೋ ಸರ್ವ್‌ಲೆಟ್‌ನಲ್ಲಿ ಟಿಕ್ ಹಾಕಿದ್ರೂ ಸಿಗೋದು ಸೊನ್ನೆಯೇ.