ಕೋಚ್ ಎಷ್ಟು ಪಾಯಿಂಟ್ ಹೊಡೆದಿದ್ದರು ಅನ್ನುವುದು ಬಿಡಿ

"ಸರ್, ಆ ಕೋಚ್ ಎನ್‌ಬಿಎ ಆಡಿದಾರಾ?"

ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ನನಗೆ, ಮಕ್ಕಳಿಗೆ ಕಾಲೇಜು ತಂಡ ಹುಡುಕುವ ಅಪ್ಪ-ಅಮ್ಮಂದಿರಿಂದ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. (ಎನ್‌ಬಿಎ ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್.) ಹೌದು ಅಂದರೆ ಅಪ್ಪ-ಅಮ್ಮನ ಮುಖ ಅರಳುತ್ತದೆ, ಇಲ್ಲ ಅಂದರೆ ಆ ಕಾಲೇಜಿನ ಹೆಸರು ಪಟ್ಟಿಯಿಂದ ಹೋಯಿತು. ನಮ್ಮ ಕನ್ನಡದ ತಂದೆಯೊಬ್ಬರು ಮಗನಿಗೋಸ್ಕರ ಎಕ್ಸೆಲ್ ಶೀಟನ್ನೇ ಮಾಡಿಕೊಂಡು ಬಂದಿದ್ದರು. ಕೋಚ್‌ಗಳ ಹೆಸರು, ಪಕ್ಕದಲ್ಲಿ ಅವರು ಆಡುವ ಕಾಲದಲ್ಲಿ ಪಂದ್ಯಕ್ಕೆ ಹೊಡೆದ ಸರಾಸರಿ ಪಾಯಿಂಟ್. ಎಷ್ಟು ರಾತ್ರಿ ಕೂತು ಮಾಡಿದ್ದರೋ ಪಾಪ. ಆ ಪ್ರೀತಿಗೆ ಕೈಮುಗಿಯುತ್ತೇನೆ, ಆದರೆ ಆ ಪಾಯಿಂಟ್ ಲೆಕ್ಕದಿಂದ ಹುಡುಗನಿಗೆ ಪ್ರಯೋಜನವಿಲ್ಲ.

ಪ್ಯಾಟ್ರಿಕ್ ಯೂಯಿಂಗ್ 1984ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಕಾಲೇಜು ತಂಡಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಆ ತಂಡದ ಬೆನ್ನೆಲುಬು, ಆಮೇಲೆ ಎನ್‌ಬಿಎಯಲ್ಲಿ 11 ಸಲ ಆಲ್‌ಸ್ಟಾರ್, ಅಂದರೆ ಲೀಗ್‌ನ ತಾರೆಗಳ ಪಂದ್ಯಕ್ಕೆ ಆಯ್ಕೆಯಾದವರು. 2017ರಲ್ಲಿ ಅದೇ ಜಾರ್ಜ್‌ಟೌನ್‌ಗೆ ಕೋಚ್ ಆಗಿ ಬಂದರು. ಆರು ಸೀಸನ್‌ಗಳಲ್ಲಿ 75 ಗೆಲುವು, 109 ಸೋಲು. 2021ರಲ್ಲಿ ಬಿಗ್ ಈಸ್ಟ್ ಅನ್ನುವ ಕಾಲೇಜು ಲೀಗ್‌ನ ಟೂರ್ನಿ ಗೆದ್ದರು ನಿಜ. ಮುಂದಿನ ಸೀಸನ್‌ನಲ್ಲಿ ಅದೇ ಲೀಗ್‌ನ 19 ಪಂದ್ಯಗಳಲ್ಲಿ ಹತ್ತೊಂಬತ್ತನ್ನೂ ಸೋತರು. ಇನ್ನೊಬ್ಬ ಎನ್‌ಬಿಎ ತಾರೆ ಕ್ಲೈಡ್ ಡ್ರೆಕ್ಸ್‌ಲರ್ ತಾವು ಓದಿದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಮರಳಿ ಎರಡು ಸೀಸನ್ ಕೋಚ್ ಆಗಿದ್ದರು: 19 ಗೆಲುವು, 39 ಸೋಲು.

ಇಷ್ಟು ಹೇಳಿದ ಕೂಡಲೇ ಕೆಲವರು ಉಲ್ಟಾ ಹೊಡೆಯುತ್ತಾರೆ. ಹಾಗಾದರೆ ಆಡುವ ಅವಕಾಶ ಹೆಚ್ಚು ಸಿಗದೆ ಬೆಂಚ್ ಮೇಲೆ ಕೂತವರೇ ಒಳ್ಳೆ ಕೋಚ್ ಆಗ್ತಾರೆ ಅಲ್ವಾ ಸರ್? ಉದಾಹರಣೆಗೂ ಬರವಿಲ್ಲ. ಕೋಚ್ ಆಗಿ 876 ಪಂದ್ಯ ಗೆದ್ದ ಅಡಾಲ್ಫ್ ರಪ್, 879 ಗೆದ್ದ ಡೀನ್ ಸ್ಮಿತ್, ಇಬ್ಬರೂ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಮೀಸಲು ಆಟಗಾರರು. ಇಂಡಿಯಾನಾಗೆ ಮೂರು ಪ್ರಶಸ್ತಿ ತಂದ ಬಾಬ್ ನೈಟ್ 1960ರ ಒಹಾಯೊ ಸ್ಟೇಟ್ ತಂಡದ ಬೆಂಚಿನವರು.

ಇದೂ ತಪ್ಪು. ನಾನು ಅತಿ ಹೆಚ್ಚು ಸಲ ಹೇಳಬೇಕಾಗಿ ಬರುವ ಮಾತು ಇದೇ, ಆದ್ದರಿಂದ ಇಲ್ಲೂ ನಿಧಾನವಾಗಿಯೇ ಹೇಳುತ್ತೇನೆ. ಪ್ರತಿ ವರ್ಷ ಪ್ರತಿ ಕಾಲೇಜಿನ ಬೆಂಚ್ ಮೇಲೂ ನಾಲ್ಕಾರು ಹುಡುಗರು ಕೂತಿರುತ್ತಾರೆ. ಅವರಲ್ಲಿ ಹಲವರು ಕೋಚ್ ಆಗುತ್ತಾರೆ, ಸೋಲುತ್ತಾರೆ, ಬೇರೆ ಕೆಲಸ ಹಿಡಿಯುತ್ತಾರೆ. ಅವರ ಹೆಸರು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಯೂಯಿಂಗ್ ಸೋತರೆ ಮಾತ್ರ ಪತ್ರಿಕೆ ತುಂಬ ಸುದ್ದಿ. ಗೆದ್ದ ಬೆಂಚಿನವರನ್ನೂ ಸೋತ ತಾರೆಗಳನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ಉತ್ತರ ಮೊದಲೇ ತೀರ್ಮಾನವಾದಂತೆ. ಅದೂ ಅಲ್ಲದೆ, 12 ವರ್ಷಗಳಲ್ಲಿ 10 ಪ್ರಶಸ್ತಿ ಗೆದ್ದ ಯುಸಿಎಲ್‌ಎಯ ಜಾನ್ ವುಡನ್ ಪರ್ಡ್ಯೂನಲ್ಲಿ ಆಡುವಾಗ ಮೂರು ಸಲ ಆಲ್-ಅಮೆರಿಕನ್, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಯಲ್ಲಿದ್ದವರು. ಸೌತ್ ಕೆರೊಲಿನಾ ಮಹಿಳಾ ತಂಡದ ಡಾನ್ ಸ್ಟೇಲಿ ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು, ಕೋಚ್ ಆಗಿ 2017, 2022, 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿ. ಇವರನ್ನೆಲ್ಲ ಯಾವ ಕಡೆಗೆ ಹಾಕುತ್ತೀರಿ?

ಮಕ್ಕಳನ್ನು ಸಂಗೀತಕ್ಕೆ ಸೇರಿಸುವಾಗ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು "ಯಾರ ಶಿಷ್ಯರು?" ಅಂತ. ಇಲ್ಲೂ ಅದನ್ನೇ ಕೇಳಿ. ರಪ್ ಮತ್ತು ಸ್ಮಿತ್ ಕೂತದ್ದು ಕ್ಯಾನ್ಸಸ್ ಕೋಚ್ ಫಾಗ್ ಆಲೆನ್ ಅವರ ಬೆಂಚ್ ಮೇಲೆ. ಆಲೆನ್ ಕಲಿತದ್ದು ಈ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೇಸ್ಮಿತ್ ಅವರಲ್ಲಿ. (ಕ್ಯಾನ್ಸಸ್ ಕೋಚ್ ಆಗಿ ನೇಸ್ಮಿತ್ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ.) ಡ್ಯೂಕ್‌ಗೆ ಐದು ಪ್ರಶಸ್ತಿ ತಂದ ಮೈಕ್ ಶಷೆವ್‌ಸ್ಕಿ ಆರ್ಮಿ ತಂಡದಲ್ಲಿ ನೈಟ್ ಕೈಕೆಳಗೆ ಆಡಿದವರು. ಆದರೂ ಡ್ಯೂಕ್‌ನಲ್ಲಿ ಅವರ ಮೊದಲ ಮೂರು ಸೀಸನ್‌ಗಳ ಲೆಕ್ಕ 38 ಗೆಲುವು, 47 ಸೋಲು. ಹಾಗಂತ ಗುರುವಿನ ಹೆಸರೂ ಗ್ಯಾರಂಟಿ ಚೀಟಿಯಲ್ಲ. ಯೂಯಿಂಗ್ ಕೂಡ ಜಾರ್ಜ್‌ಟೌನ್‌ನಲ್ಲಿ ಜಾನ್ ಥಾಂಪ್ಸನ್ ಅವರಂಥ ದೊಡ್ಡ ಕೋಚ್‌ನ ಶಿಷ್ಯರೇ.

ನಮ್ಮ ಜರ್ಸಿ ಸಿಟಿಯ ಹರ್ಲಿ ಅಣ್ಣತಮ್ಮಂದಿರ ಕಥೆ ನನಗೆ ತುಂಬ ಇಷ್ಟ. ಇಬ್ಬರಿಗೂ ಹೈಸ್ಕೂಲ್ ಕೋಚ್ ಅಪ್ಪನೇ. ಅಣ್ಣ ಬಾಬಿ ಡ್ಯೂಕ್‌ನಲ್ಲಿ 1991, 1992ರ ಪ್ರಶಸ್ತಿ ಗೆದ್ದ ತಂಡದ ಆಟ ನಡೆಸುವ ಪಾಯಿಂಟ್ ಗಾರ್ಡ್, 1,076 ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯಲು ನೆರವಾದ ಪಾಸ್). ತಮ್ಮ ಡ್ಯಾನ್ ಸೀಟನ್ ಹಾಲ್‌ನಲ್ಲಿ ಆಡಿದರು, ಅಣ್ಣನ ಜೊತೆಗಿನ ಹೋಲಿಕೆಯಲ್ಲೇ ನಲುಗಿದರು, ಆಮೇಲೆ ನ್ಯೂಆರ್ಕ್‌ನ ಹೈಸ್ಕೂಲೊಂದರಲ್ಲಿ ವರ್ಷಗಟ್ಟಲೆ ಕೋಚ್ ಆಗಿದ್ದರು. ಡ್ಯಾನ್‌ಗೆ ಕಾಲೇಜು ತಂಡ ಸಿಕ್ಕಾಗ ತಮ್ಮನಿಗೆ ಸಹಾಯಕ ಕೋಚ್ ಆಗಿ ಬಂದದ್ದು ಬಾಬಿ. ಬಾಬಿ ಮುಂದೆ ಬಫಲೋ, ಅರಿಜೋನಾ ಸ್ಟೇಟ್ ತಂಡಗಳನ್ನು ರಾಷ್ಟ್ರೀಯ ಪ್ರಶಸ್ತಿ ತೀರ್ಮಾನವಾಗುವ ಎನ್‌ಸಿಎಎ ಟೂರ್ನಿಗೆ ಕರೆದೊಯ್ದರು. ಡ್ಯಾನ್ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತಂಡದೊಂದಿಗೆ 2023, 2024ರಲ್ಲಿ ಬೆನ್ನುಬೆನ್ನಿಗೆ ಪ್ರಶಸ್ತಿ ಗೆದ್ದರು.

ಕಾಲೇಜು ನೋಡಲು ಹೋದಾಗ ಪ್ರಾಕ್ಟೀಸ್ ನೋಡಲು ಬಿಡುತ್ತಾರಾ ಕೇಳಿ. ಬಿಟ್ಟರೆ ತಾರೆಯರನ್ನು ನೋಡಬೇಡಿ. ಒಂಬತ್ತನೆಯ, ಹತ್ತನೆಯ ಆಟಗಾರ ತಪ್ಪು ಮಾಡಿದಾಗ ಕೋಚ್ ಆಟ ನಿಲ್ಲಿಸಿ ತೋರಿಸಿಕೊಡುತ್ತಾರಾ, ಬರೀ ಕೂಗುತ್ತಾರಾ ಗಮನಿಸಿ. ಎರಡು ವರ್ಷದಲ್ಲಿ ಎಷ್ಟು ಹುಡುಗರು ತಂಡ ಬಿಟ್ಟರು ಅಂತಲೂ ವಿಚಾರಿಸಿ. ಈಗಿನ ನಿಯಮದಲ್ಲಿ ಬೇರೆ ಕಾಲೇಜಿಗೆ ಹೋಗುವುದು ಸುಲಭ, ಹಾಗಾಗಿ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಕೋಚ್‌ನದೇ ತಪ್ಪು ಅನ್ನಲಾಗದು. ಬಿಟ್ಟುಹೋದ ಒಬ್ಬ ಹುಡುಗನ ಜೊತೆ, ಸಾಧ್ಯವಾದರೆ ಅವನ ಅಮ್ಮನ ಜೊತೆ, ಹತ್ತು ನಿಮಿಷ ಮಾತಾಡಿ.