ಹವಾಯಿ ಅಡುಗೆಯ ಟಿಪ್ಪಣಿ: ಪೋಕೆಯನ್ನು ಹಿಡಿದು ಹೊರಟರೆ

ಹವಾಯಿ ರುಚಿ ಎಂದರೆ ಅನಾನಸ್ ಹಾಕಿದ್ದು ಎಂಬ ತಿಳಿವಳಿಕೆಯನ್ನು ಮೊದಲು ಬದಿಗಿಡೋಣ. ಅನಾನಸ್ ದಕ್ಷಿಣ ಅಮೆರಿಕದಿಂದ ಬಂದ ಹಣ್ಣು. 'ಹವಾಯಿಯನ್ ಪಿಜ್ಜಾ' ಹುಟ್ಟಿದ್ದು 1962ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ.

ದ್ವೀಪದವರು ಊಟದ ವಿಷಯಕ್ಕೆ ಎರಡು ಹೆಸರು ಇಟ್ಟುಕೊಂಡಿದ್ದಾರೆ. 'ಹವಾಯಿಯನ್' ಎಂದರೆ ಮೂಲನಿವಾಸಿಗಳ ಅಡುಗೆ: ಕೆಸುವಿನ ಗೆಡ್ಡೆಯ ಪೋಯಿ, ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಲಾವ್‌ಲಾವ್, ಇಮು ಎಂಬ ನೆಲಗುಂಡಿಯಲ್ಲಿ ಬೇಯಿಸಿದ ಕಾಲುವಾ ಹಂದಿಮಾಂಸ. 'ಲೋಕಲ್' ಎಂದರೆ ಕಬ್ಬು, ಅನಾನಸ್ ತೋಟಗಳ ಕೂಲಿಗೆ ಬಂದವರ ಅಡುಗೆಗಳು ಬೆರೆತು ಆದದ್ದು. ಚೀನೀಯರು 1852ರಿಂದ, ಪೋರ್ಚುಗೀಸರು 1878ರಿಂದ, ಜಪಾನೀಯರು ದೊಡ್ಡ ಸಂಖ್ಯೆಯಲ್ಲಿ 1885ರಿಂದ, ಕೊರಿಯನ್ನರು 1903ರಿಂದ, ಫಿಲಿಪಿನೋಗಳು 1906ರಿಂದ ಬಂದರು. ಅನ್ನದ ಎರಡು ಗುಪ್ಪೆ, ಮ್ಯಾಕರೋನಿ ಸಲಾಡ್, ಮಾಂಸ ಒಟ್ಟಿಗೆ ಬರುವ ಪ್ಲೇಟ್ ಲಂಚ್, ಸ್ಪ್ಯಾಮ್ ಎಂಬ ಡಬ್ಬಿ ಮಾಂಸವನ್ನು ಅನ್ನದ ಮೇಲಿಟ್ಟ ಸ್ಪ್ಯಾಮ್ ಮುಸುಬಿ, ಪೋರ್ಚುಗೀಸರ ಕರಿದ ಸಿಹಿತಿಂಡಿ ಮಲಸಾದ ಎಲ್ಲ ಈ ಸಾಲಿನವು. ಹೊರಗೆ ಹೆಚ್ಚು ಹರಡಿದ್ದು ಈ ಲೋಕಲ್ ಊಟ. ಹಸಿ ಮೀನಿನ ತುಂಡುಗಳಿಗೆ ಮಸಾಲೆ ಬೆರೆಸಿದ ಪೋಕೆ ಮಾತ್ರ ಎರಡಕ್ಕೂ ಸೇರಿದ್ದು. ಆದ್ದರಿಂದ ಕಲಿಯುವವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಉಚ್ಚಾರ ಪೋಕ್ ಅಲ್ಲ, ಪೋಕಿ ಅಲ್ಲ, ಪೋಕೆ. ಹವಾಯಿ ಭಾಷೆಯಲ್ಲಿ 'ಅಡ್ಡಕ್ಕೆ ಹೆಚ್ಚುವುದು' ಎಂದರ್ಥ. ಹಳೆಯ ಪೋಕೆಯಲ್ಲಿ ಹಸಿ ಮೀನಿನ ಜೊತೆ ಇದ್ದದ್ದು ಮೂರೇ: ಸಮುದ್ರದ ಉಪ್ಪು, ಲಿಮು ಎಂಬ ಕಡಲಪಾಚಿ, ಇನಮೋನ. ಇನಮೋನ ಎಂದರೆ ಹುರಿದು ಕುಟ್ಟಿದ ಕುಕುಯಿ ಬೀಜ. ಹಸಿ ಕುಕುಯಿ ತಿಂದರೆ ಭೇದಿ ಹಿಡಿಯುತ್ತದೆ, ಹುರಿಯದೆ ಬಳಸಲೇಬಾರದು. ಅದು ಸಿಗದಿದ್ದರೆ ಹುರಿದ ಮೆಕಡೇಮಿಯಾ ಅಥವಾ ಗೋಡಂಬಿ ತಕ್ಕಮಟ್ಟಿಗೆ ಆದೀತು. ಸೋಯಾ ಸಾಸ್, ಎಳ್ಳೆಣ್ಣೆ ಆಮೇಲೆ ಏಷ್ಯಾದ ಅಡುಗೆಗಳಿಂದ ಸೇರಿದವು.

450 ಗ್ರಾಂ ಟ್ಯೂನಾಕ್ಕೆ ಅಳತೆ ಹೀಗೆ: ಸೋಯಾ ಸಾಸ್ 2 ಟೇಬಲ್ ಚಮಚ, ಎಳ್ಳೆಣ್ಣೆ 1 ಟೀ ಚಮಚ, ಕಲ್ಲುಪ್ಪು ಕಾಲು ಟೀ ಚಮಚ, ಇನಮೋನ 1 ಟೀ ಚಮಚ, ತೆಳ್ಳಗೆ ಹೆಚ್ಚಿದ ಅರ್ಧ ಈರುಳ್ಳಿ, ಎರಡು ಎಳೆ ಈರುಳ್ಳಿ ಸೊಪ್ಪು, ಒಂದು ಹಿಡಿ ಲಿಮು. ಎಳ್ಳೆಣ್ಣೆ ಎಂದರೆ ಇಲ್ಲಿ ಹುರಿದ ಎಳ್ಳಿನ ಕಂದು ಎಣ್ಣೆ. ನಮ್ಮ ಗಾಣದ ಎಣ್ಣೆ ಹಾಕಿದರೆ ಆ ಘಮ ಬರುವುದಿಲ್ಲ. ಮೀನಿನ ಪಸೆಯನ್ನು ಒತ್ತಿ ಒರೆಸಿ, ಎಳೆಗೆ ಅಡ್ಡವಾಗಿ 2 ಸೆಂಟಿಮೀಟರ್ ತುಂಡು ಮಾಡಿ. ಒದ್ದೆ ಮೀನಿಗೆ ಮಸಾಲೆ ಹಿಡಿಯುವುದಿಲ್ಲ. ಎಲ್ಲ ಬೆರೆಸಿ ಹತ್ತು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ತಿನ್ನಬೇಕು. ಗಂಟೆಗಟ್ಟಲೆ ಬಿಟ್ಟರೆ ಉಪ್ಪು ನೀರು ಎಳೆದು ತುಂಡುಗಳು ಬಿಗಿಯುತ್ತವೆ, ತಟ್ಟೆಯ ತಳದಲ್ಲಿ ರಸ ನಿಲ್ಲುತ್ತದೆ. ನಿಂಬೆ ಹಿಂಡಿದರೆ ಹುಳಿಗೆ ಪ್ರೋಟೀನ್ ಗಟ್ಟಿಯಾಗಿ ಮೀನು ಬೆಳ್ಳಗಾಗುತ್ತದೆ. ಅದು ಬೇರೆಯೇ ತಿನಿಸು. 2010ರ ದಶಕದಲ್ಲಿ ಅಮೆರಿಕದ ಮುಖ್ಯಭೂಮಿಯಲ್ಲಿ ಪೋಕೆ ಬಟ್ಟಲುಗಳ ಅಂಗಡಿಗಳು ಹೆಚ್ಚಿದಾಗ ಮೀನಿಗೆ ಮೊದಲೇ ಮಸಾಲೆ ಹಿಡಿಸುವ ಈ ಹಂತವೇ ಅನೇಕ ಕಡೆ ಬಿಟ್ಟುಹೋಯಿತು. ಸಾದಾ ಮೀನು, ಅದರ ಮೇಲೆ ಹತ್ತಾರು ಅಲಂಕಾರ, ಕೊನೆಗೆ ಸುರಿದ ಸಾಸ್. ಹೊಟ್ಟೆ ತುಂಬೀತು, ಪೋಕೆಯ ರುಚಿ ಬಾರದು.

ಮೀನಿನ ಆಯ್ಕೆಯಲ್ಲಿ ರಿಯಾಯಿತಿ ಇಲ್ಲ. ಹಸಿಯಾಗಿ ತಿನ್ನಲೆಂದೇ ಮಾರುವುದನ್ನು ಕೊಳ್ಳಿ. ಸಾರಿಗೆಂದು ತಂದ ಮೀನು ಬೇಡ. ತಣ್ಣಗಿಡದ ಟ್ಯೂನಾದಲ್ಲಿ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಆಮೇಲೆ ಫ್ರೀಜರಿಗೆ ಹಾಕಿದರೂ ಬೇಯಿಸಿದರೂ ಅದು ಹೋಗದು. ತಿಂದವರ ಮುಖ ಕೆಂಪೇರಿ ತಲೆನೋವು, ವಾಂತಿ ಬರಬಹುದು. ಮನೆಗೆ ತಂದದ್ದನ್ನು 4 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಿ. ಬಣ್ಣವನ್ನೂ ನಂಬಬೇಡಿ: ಕಾರ್ಬನ್ ಮಾನಾಕ್ಸೈಡ್ ಹಾಯಿಸಿದ ಮೀನು ಹಳಸಿದ ಮೇಲೂ ಕೆಂಪಗೇ ಕಾಣುತ್ತದೆ.

ಮುಸುಬಿ ಇದಕ್ಕಿಂತ ಸುಲಭ. 340 ಗ್ರಾಂ ಸ್ಪ್ಯಾಮ್ ಡಬ್ಬಿಯನ್ನು 8 ಹೋಳು ಮಾಡಿ, ಬಾಣಲೆಯಲ್ಲಿ ಕೆಂಪಗೆ ಹುರಿದು, ಸಕ್ಕರೆ-ಸೋಯಾದಲ್ಲಿ ಹೊರಳಿಸಿ, ಒತ್ತಿದ ಅನ್ನದ ಮೇಲಿಟ್ಟು ನೋರಿ ಎಂಬ ಒಣ ಕಡಲಪಾಚಿಯ ಹಾಳೆ ಸುತ್ತುವುದು. ಅಕ್ಕಿ ಅಂಟುವ ಗಿಡ್ಡ ಕಾಳಿನದೇ ಇರಲಿ. ಸೋನಾ ಮಸೂರಿ ಉದುರುತ್ತದೆ, ಆರಿದ ಅನ್ನವೂ ಒತ್ತಿದರೆ ನಿಲ್ಲುವುದಿಲ್ಲ.

ಇನ್ನು ಕಾಲೊ. ಇದು ನಮ್ಮ ಕೆಸುವೇ. ಹವಾಯಿಯ ಪುರಾಣದಲ್ಲಿ ಕಾಲೊ ಮನುಷ್ಯನಿಗೆ ಅಣ್ಣ: ಸತ್ತು ಹುಟ್ಟಿದ ಮೊದಲ ಮಗುವನ್ನು ಹೂತಲ್ಲಿ ಈ ಗಿಡ ಬೆಳೆಯಿತು, ಎರಡನೆಯ ಮಗು ಹಾಲೋವಾ ಮನುಷ್ಯರ ಮೂಲಪುರುಷನಾದ. ಕಾಲೊ ಎಲೆಯಲ್ಲಿ ಮಾಂಸ, ಮೀನು ಸುತ್ತಿ, ಹೊರಗೆ ಟೀ (ti, ಚಹಾ ಅಲ್ಲ) ಎಂಬ ಗಿಡದ ಎಲೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಲಾವ್‌ಲಾವ್. ಪತ್ರೊಡೆ ಮಾಡುವವರಿಗೆ ತುರಿಕೆಯ ಪಾಠ ಬೇಕಿಲ್ಲ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಗಂಟಲಿಗೆ ಚುಚ್ಚುತ್ತವೆ. ನಾವು ಹುಣಸೆಹುಳಿ ಹಾಕುತ್ತೇವೆ. ಅವರು ಹುಳಿಯಿಲ್ಲದೆ ಮೂರು ನಾಲ್ಕು ಗಂಟೆ ಬೇಯಿಸುತ್ತಾರೆ. ಟೀ ಎಲೆ ಕಟ್ಟಲು ಮಾತ್ರ, ತಿನ್ನುವುದಲ್ಲ.

ಬೇಯಿಸಿದ ಕಾಲೊ ಗೆಡ್ಡೆಯನ್ನು ಕಲ್ಲಿನ ಕುಟ್ಟಾಣಿಯಿಂದ ಜಜ್ಜಿದರೆ ಪಾಯಿಆಯಿ. ಅದಕ್ಕೆ ನೀರು ಬೆರೆಸಿದರೆ ಪೋಯಿ. ನೀರನ್ನು ಸ್ವಲ್ಪಸ್ವಲ್ಪವೇ ಹಾಕಬೇಕು, ಒಮ್ಮೆಗೇ ಸುರಿದರೆ ಗಂಟುಗಂಟಾಗುತ್ತದೆ. ಒಂದೇ ಬೆರಳಿಗೆ ಹತ್ತಿಬಂದರೆ ಗಟ್ಟಿ ಪೋಯಿ, ಮೂರು ಬೆರಳು ಬೇಕಾದರೆ ತೆಳು. ಎರಡು ಮೂರು ದಿನ ಇಟ್ಟರೆ ಹುಳಿಯುತ್ತದೆ, ಹಲವರಿಗೆ ಆ ಹುಳಿಯೇ ಇಷ್ಟ. ಹೊಸಬರು ಬರೀ ಪೋಯಿ ಬಾಯಿಗಿಟ್ಟು ಸಪ್ಪೆ ಎನ್ನುತ್ತಾರೆ. ಸಾರಿಲ್ಲದೆ ಮುದ್ದೆ ನುಂಗಿದ ಹಾಗೆ ಅದು. ಉಪ್ಪುಪ್ಪಾದ ಕಾಲುವಾ ಮಾಂಸವನ್ನೋ ಲೋಮಿ ಸಾಲ್ಮನ್ (ಉಪ್ಪು ಹಾಕಿದ ಸಾಲ್ಮನ್ ಮೀನಿಗೆ ಟೊಮೆಟೊ, ಈರುಳ್ಳಿ ಬೆರೆಸಿದ್ದು) ಅನ್ನೋ ಪಕ್ಕದಲ್ಲಿಟ್ಟುಕೊಂಡು ತಿನ್ನಬೇಕು.